ಪಟ್ಟಿಯಲ್ಲಿ ನಾನು ಕೊಂದ ವಾರಿಜಕ್ಕ

2023ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ನಾನು ಮಂಗಳೂರಿನ ಜೆಪ್ಪು ಕಡೆಯ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಹಶಿಕ್ಷಕನಾಗಿದ್ದೆ. ನಿವೃತ್ತಿಗೆ ಒಂದು ವರ್ಷ ಬಾಕಿ ಇತ್ತು. ಪಾಠದ ಜೊತೆಗೆ ನಾನು ಬಿ.ಎಲ್.ಒ. ಕೂಡ ಆಗಿದ್ದೆ, ಅಂದರೆ ಬೂತ್ ಲೆವೆಲ್ ಆಫೀಸರ್. ಕೊನೆಯ ಶಬ್ದ ನೋಡಿ ಯಾರೂ ಗಾಬರಿಯಾಗಬೇಕಿಲ್ಲ. ಈ ಆಫೀಸರನಿಗೆ ಆಫೀಸಿಲ್ಲ, ಜವಾನನಿಲ್ಲ. ಇರುವುದು ಒಂದು ರಟ್ಟಿನ ಫೈಲು, ಮೊಬೈಲಿನಲ್ಲಿ ಒಂದು ಆ್ಯಪ್ ಮತ್ತು ಸಾವಿರದ ನೂರು ಚಿಲ್ಲರೆ ಮತದಾರರು. ತನ್ನ ಮತಗಟ್ಟೆಗೆ ಸೇರಿದ ಪ್ರತಿ ಮನೆಗೆ ಹೋಗಿ ಯಾರಿಗೆ ಹದಿನೆಂಟು ತುಂಬಿತು, ಯಾರು ಮದುವೆಯಾಗಿ ಬೇರೆ ಊರಿಗೆ ಹೋದರು, ಯಾರು ತೀರಿಕೊಂಡರು ಎಂದು ವಿಚಾರಿಸಿ ಪಟ್ಟಿಯನ್ನು ಸರಿಯಾಗಿಡುವುದು ಅವನ ಕೆಲಸ. ನಮ್ಮೂರಿನಲ್ಲಿ ಇಷ್ಟು ವಿಷಯ ತಿಳಿದಿರುವವರು ಬಿ.ಎಲ್.ಒ.ಗಳನ್ನು ಬಿಟ್ಟರೆ ಮದುವೆ ದಲ್ಲಾಳಿಗಳು ಮಾತ್ರ. ಅವರಿಗೆ ಊಟವಾದರೂ ಸಿಗುತ್ತದೆ.

ಹನ್ನೊಂದು ವರ್ಷ ಆ ಕೆಲಸ ಮಾಡಿದ್ದೆ. ನನ್ನ ಪಟ್ಟಿಯ ಮೇಲೆ ಒಂದೇ ಒಂದು ದೂರು ಬಂದಿರಲಿಲ್ಲ. ಈ ಸಂಗತಿಯನ್ನು ನಾನು ಸ್ಟಾಫ್ ರೂಮಿನಲ್ಲಿ ಆಗಾಗ ಹೇಳುತ್ತಿದ್ದೆ. ಯಾರೂ ಕೇಳದಿದ್ದರೂ ಹೇಳುತ್ತಿದ್ದೆ.

ಮುಂದಿನದು ಅರ್ಥವಾಗಲು ಎರಡು ಫಾರಂಗಳ ಪರಿಚಯ ಬೇಕು. ಪಟ್ಟಿಗೆ ಹೊಸದಾಗಿ ಸೇರುವವರಿಗೆ ಫಾರಂ ಆರು. ಪಟ್ಟಿಯಿಂದ ಹೆಸರು ತೆಗೆಯಲು ಫಾರಂ ಏಳು. ಒಬ್ಬರು ತೀರಿಕೊಂಡರೆಂದು ಹೆಸರು ತೆಗೆಯಬೇಕಾದರೆ ಮರಣ ಪ್ರಮಾಣಪತ್ರ ಬೇಕು, ಇಲ್ಲವಾದರೆ ಮನೆಯವರ ಹೇಳಿಕೆಯಾದರೂ ಬೇಕು. ನಿಯಮ ಬಹಳ ಸ್ಪಷ್ಟವಾಗಿದೆ. ನಿಯಮದ ತಪ್ಪು ಏನೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಚುನಾವಣೆಗೆ ಕೆಲವು ತಿಂಗಳು ಮೊದಲು ಮನೆಮನೆ ಪರಿಶೀಲನೆ ನಡೆಯಿತು. ನದಿಯ ಕಡೆ ಇಳಿಯುವ ಓಣಿಯ ಕೊನೆಯಲ್ಲಿ ಒಂದು ಹೆಂಚಿನ ಮನೆ. ಪಟ್ಟಿಯ ಪ್ರಕಾರ ಅಲ್ಲಿ ಒಬ್ಬರೇ ಮತದಾರರು: ವಾರಿಜ, ವಯಸ್ಸು ಎಪ್ಪತ್ತೆರಡು. ಗಂಡನ ಹೆಸರನ್ನು ನನಗಿಂತ ಹಿಂದಿನವರೇ ತೆಗೆದಿದ್ದರು. ನಾನು ಮೂರು ಸಲ ಹೋದೆ, ಮೂರು ಸಲವೂ ಬೀಗ. ಅಕ್ಕಪಕ್ಕದ ಮನೆಗಳಿಗೂ ಬೀಗ. ಆ ಓಣಿಯವರೆಲ್ಲ ಮೀನಿನ ಕೆಲಸದವರು. ಬೆಳಕು ಹರಿಯುವ ಮೊದಲೇ ಬೋಟುಗಳು ಬಂದು ನಿಲ್ಲುವ ಧಕ್ಕೆಗೆ ಹೋಗಿ ಮೀನು ಕೊಂಡುಕೊಂಡು ಮಾರ್ಕೆಟಿಗೆ ಹೋದರೆ ಮನೆಗೆ ಬರುವುದು ಮಧ್ಯಾಹ್ನ ಮೂರರ ನಂತರ. ನಾನು ಹೋದದ್ದು ಮೂರು ಸಲವೂ ಬೆಳಿಗ್ಗೆ ಹನ್ನೊಂದಕ್ಕೆ. ಊರೆಲ್ಲ ನನ್ನ ಟೈಮ್‌ಟೇಬಲಿನಂತೆ ನಡೆಯಬೇಕೆಂಬುದು ಮೇಷ್ಟ್ರುಗಳ ಹಳೆಯ ಕಾಯಿಲೆ.

ಮೂರನೆಯ ಸಲ ಕಿಟಕಿ ತೆರೆದಿತ್ತು. ಇಣುಕಿದೆ. ಎದುರಿನ ಗೋಡೆಯ ಮೇಲೆ ಒಂದು ದೊಡ್ಡ ಕಟ್ಟಿನ ಫೋಟೋ ಇತ್ತು. ಅದರಲ್ಲಿ ಗಂಡ ಹೆಂಡತಿ ಪಕ್ಕಪಕ್ಕ ನಿಂತಿದ್ದರು. ಚೌಕಟ್ಟಿಗೆ ಒಂದು ಗಂಧದ ಮಾಲೆ, ಕೆಳಗೆ ಸಣ್ಣ ಕೆಂಪು ಬಲ್ಬು. ನಾನು ಪಟ್ಟಿಯಲ್ಲಿದ್ದ ಭಾವಚಿತ್ರವನ್ನು ತೆಗೆದು ಹೋಲಿಸಿದೆ. ಮೂವತ್ತು ವರ್ಷ ಚಿಕ್ಕ ಮುಖ, ಆದರೆ ಅದೇ ಮುಖ. ಮೂಗಿನ ಎರಡೂ ಕಡೆ ಬೊಟ್ಟು. ಗಂಡನೂ ಇಲ್ಲ, ಹೆಂಡತಿಯೂ ಇಲ್ಲ, ಇಬ್ಬರಿಗೂ ಸೇರಿ ಒಂದೇ ಮಾಲೆ ಹಾಕಿದ್ದಾರೆ, ಮಿತವ್ಯಯದ ಮನೆತನ ಎಂದುಕೊಂಡೆ. ಫಾರಂ ಏಳರಲ್ಲಿ ‘ಮೃತರು. ಸ್ಥಳದಲ್ಲಿ ವಿಚಾರಿಸಲಾಗಿದೆ’ ಎಂದು ದುಂಡಗೆ ಬರೆದು ಸಹಿ ಹಾಕಿದೆ. ವಿಚಾರಿಸಿದ್ದು ಯಾರನ್ನು ಎಂದು ಕೇಳಬೇಡಿ. ಫೋಟೋವನ್ನು.

ಹನ್ನೊಂದು ವರ್ಷದ ನನ್ನ ಸಹಿಯ ಮೇಲೆ ಕಚೇರಿಗೆ ನಂಬಿಕೆ ಇತ್ತು. ಮನೆಗೆ ಹೋದ ನೋಟಿಸು ಬೀಗ ಕಂಡು ವಾಪಸಾಯಿತು. ಮತಗಟ್ಟೆಯ ಗೋಡೆಗೆ ಹಚ್ಚಿದ ನೋಟಿಸನ್ನು ಒಂದು ಆಡು ಮಾತ್ರ ಗಮನಿಸಿತು. ವಾರಿಜ ಎಂಬ ಮತದಾರರು ಶಾಂತವಾಗಿ ಪಟ್ಟಿಯಿಂದ ತೀರಿಕೊಂಡರು.

ಏಪ್ರಿಲ್ ತಿಂಗಳ ಒಂದು ಭಾನುವಾರ ನಮ್ಮ ಶಾಲೆಯಲ್ಲಿ ನೋಂದಣಿ ಶಿಬಿರ ಇತ್ತು. ಚುನಾವಣೆ ಘೋಷಣೆಯಾಗಿತ್ತು, ಅರ್ಜಿ ಕೊಡಲು ಉಳಿದದ್ದು ಎರಡು ದಿನ. ಆಮೇಲೆ ಕೊಟ್ಟ ಅರ್ಜಿ ಈ ಚುನಾವಣೆಗೆ ಉಪಯೋಗವಿಲ್ಲ. ಮೂರೂವರೆ ಗಂಟೆಗೆ ಒಬ್ಬ ಕಾಲೇಜು ಹುಡುಗಿ ಬಂದು ಕುಳಿತಳು. ಹೆಸರು ಶ್ರಾವ್ಯ. ಅಪ್ಪ ಅಮ್ಮ ಮುಂಬೈಯಲ್ಲಿ, ತಾನು ಅಜ್ಜಿಯ ಮನೆಯಲ್ಲಿದ್ದು ಓದುವುದು ಎಂದಳು.

“ಸರ್, ಮನೆಯವರ ವೋಟರ್ ಕಾರ್ಡ್ ನಂಬರ್ ಕೇಳಿದ್ದಾರಲ್ಲ, ಅಜ್ಜಿಯದ್ದು ಹಾಕ್ಬಹುದಾ?”

ಹಾಕಬಹುದು ಎಂದೆ. ಅವಳು ಕೊಟ್ಟ ಕಾರ್ಡಿನ ನಂಬರನ್ನು ಆ್ಯಪಿನಲ್ಲಿ ಒತ್ತಿದೆ. ‘ದಾಖಲೆ ಇಲ್ಲ’ ಎಂದಿತು. ಎರಡನೆಯ ಸಲ ಒತ್ತಿದರೂ ಇಲ್ಲ. ಅಷ್ಟರಲ್ಲಿ ಚಪ್ಪಲಿ ಹೊರಗೆ ಬಿಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಅಜ್ಜಿ ಒಳಗೆ ಬಂದರು. ಮೂಗಿನ ಎರಡೂ ಕಡೆ ಬೊಟ್ಟು.

ಮೂವತ್ತೈದು ವರ್ಷದ ಸರಕಾರಿ ಸೇವೆಯಲ್ಲಿ ನಾನು ಅನೇಕ ವಿಧದ ಅರ್ಜಿದಾರರನ್ನು ನೋಡಿದ್ದೇನೆ. ನಾನೇ ಸಹಿ ಹಾಕಿ ಕಳಿಸಿಕೊಟ್ಟವರು ವಾಪಸು ಬಂದು ನನ್ನ ಎದುರಿನ ಕುರ್ಚಿ ಎಳೆದು ಕುಳಿತದ್ದು ಅದೊಂದೇ ಸಲ.

ನಿಜವನ್ನು ಹೇಳಿಯೇಬಿಟ್ಟೆ. ಕಿಟಕಿ, ಮಾಲೆ, ಬಲ್ಬು, ಎಲ್ಲ. ನಮ್ಮ ಮಾತು ನಡೆದದ್ದು ತುಳುವಿನಲ್ಲಿ. ಕನ್ನಡದಲ್ಲಿ ಬರೆಯುವಾಗ ಅದರ ಖಾರ ಅರ್ಧಕ್ಕರ್ಧ ಇಳಿದಿದೆ ಎಂದು ಓದುಗರು ತಿಳಿಯಬೇಕು.

ವಾರಿಜಕ್ಕ ಮೇಜಿನ ಮೇಲಿದ್ದ ತಮ್ಮ ಕಾರ್ಡನ್ನು ತೆಗೆದು ಸೆರಗಿಗೆ ಒರೆಸಿದರು. ಆಮೇಲೆ ಕೇಳಿದರು, “ಹಾಗಾದ್ರೆ ನನ್ನ ಬೊಜ್ಜದ ಊಟಕ್ಕೆ ನೀವು ಬಂದಿದ್ರಾ ಮಾಸ್ಟ್ರೇ?” ಬೊಜ್ಜ ಎಂದರೆ ನಮ್ಮ ಕಡೆ ಉತ್ತರಕ್ರಿಯೆ.

“ಇಲ್ಲಕ್ಕ.”

“ಊಟ ಮಾಡದೆ ಹೇಗೆ ಬರೆದ್ರಿ?”

ನಾನು ಅವಸರದಿಂದ ಒಂದು ಫಾರಂ ಆರು ತೆಗೆದು, ಇಲ್ಲಿ ಸಹಿ ಹಾಕಿ, ಉಳಿದದ್ದು ನಾನು ತುಂಬಿಸುತ್ತೇನೆ ಎಂದೆ. ಶ್ರಾವ್ಯ ತಲೆಬರಹವನ್ನು ಅಜ್ಜಿಗೆ ಓದಿ ಹೇಳಿದಳು: ಹೊಸ ಮತದಾರರಿಗೆ. ವಾರಿಜಕ್ಕ ಪೆನ್ನು ಕೆಳಗಿಟ್ಟರು.

“ನಾನಾ ಹೊಸಬಳು? ನನಗೆ ಇಪ್ಪತ್ತೊಂದು ಆದಾಗ ಮೊದಲ ಓಟು ಹಾಕಿದ್ದೇನೆ. ಆಗ ನೀವು ಚಡ್ಡಿಯಲ್ಲಿ ಇದ್ದಿರಬಹುದು. ಗಂಡ ಬೋಟಿನಲ್ಲಿ ಇದ್ದಾಗಲೂ ಹಾಕಿದ್ದೇನೆ, ಹೋದ ಸಲವೂ ಹಾಕಿದ್ದೇನೆ. ಒಂದು ಓಟು ಬಿಟ್ಟವಳಲ್ಲ ನಾನು. ಇದಕ್ಕೆ ಸಹಿ ಹಾಕಿದ್ರೆ ಅದೆಲ್ಲ ಸುಳ್ಳು ಅಂತ ಆಯ್ತಲ್ಲ.”

ತಪ್ಪಾಗಿ ತೆಗೆದ ಹೆಸರನ್ನು ಸೇರಿಸುವುದಕ್ಕೂ ಇದೇ ಫಾರಂ, ಬೇರೆ ಇಲ್ಲ ಎಂದೆ. ತಪ್ಪು ಮಾಡಿದವರು ಬೇರೆ ಫಾರಂ ಹುಡುಕಲಿ ಎಂದರು. ಮಂಗಳವಾರ ಸಂಜೆಯೊಳಗೆ ಆಗದಿದ್ದರೆ ಈ ಸಲ ಓಟಿಲ್ಲ ಎಂದೆ. ಅವರ ಮುಖ ಒಂದು ಕ್ಷಣ ಸಣ್ಣದಾಯಿತು. ಆದರೂ ಎದ್ದು ನಿಂತು, “ನಾಳೆ ಮಾರ್ಕೆಟಿಗೆ ಬನ್ನಿ. ನಾನು ಆಲೋಚನೆ ಮಾಡ್ತೇನೆ” ಎಂದು ಹೊರಟರು. ಮೊಮ್ಮಗಳ ಅರ್ಜಿಯನ್ನು ಮಾತ್ರ ಅಲ್ಲಿಯೇ ಮುಗಿಸಿಕೊಂಡು ಹೋದರು. ಅವರ ಸಿಟ್ಟು ನನ್ನ ಮೇಲೆ ಇತ್ತೇ ಹೊರತು ಓಟಿನ ಮೇಲೆ ಇರಲಿಲ್ಲ.

ಸೋಮವಾರ ಸಿ.ಎಲ್. ರಜೆ ಹಾಕಿ ಕಂಕನಾಡಿ ಮಾರ್ಕೆಟಿಗೆ ಹೋದೆ. ವಾರಿಜಕ್ಕ ಬಂಗುಡೆಯ ಬುಟ್ಟಿಯ ಹಿಂದೆ ಮಣೆ ಹಾಕಿ ಕುಳಿತಿದ್ದರು. ನನ್ನನ್ನು ನೋಡಿದರು, ನೋಡದವರಂತೆ ಗಿರಾಕಿಯ ಕಡೆ ತಿರುಗಿದರು. ನಲವತ್ತು ನಿಮಿಷ ನಾನು ಫೈಲು ಎದೆಗೊತ್ತಿಕೊಂಡು, ಪ್ಯಾಂಟಿನ ಕೆಳಗಿನ ಭಾಗವನ್ನು ಐಸಿನ ನೀರಿಗೆ ಅರ್ಪಿಸಿ ನಿಂತೆ. ಪಕ್ಕದಲ್ಲಿ ಬೂತಾಯಿ ಮೀನು ಮಾರುತ್ತಿದ್ದ ಹೆಂಗಸಿಗೆ ವಿಷಯ ಮೊದಲೇ ತಿಳಿದಿತ್ತು.

“ಮಾಸ್ಟ್ರೇ, ಬಂದವರು ನಮ್ಮನ್ನೂ ಒಮ್ಮೆ ಸರಿಯಾಗಿ ನೋಡಿಕೊಳ್ಳಿ. ನಾವೂ ಜೀವಂತ ಉಂಟು” ಎಂದರು ಆಕೆ. ಇಡೀ ಸಾಲು ನಕ್ಕಿತು.

ಗಿರಾಕಿಗಳು ಕಡಿಮೆಯಾದ ಮೇಲೆ ನಾನು ಧೈರ್ಯ ಮಾಡಿ ಕೇಳಿದೆ, “ಅಕ್ಕ, ನೀವು ಇರುವಾಗ ಆ ಫೋಟೋಕ್ಕೆ ಮಾಲೆ ಯಾಕೆ?”

“ಮಾಲೆ ಅವರಿಗೆ” ಎಂದರು ವಾರಿಜಕ್ಕ. “ಅವರು ಕಡಲಿಗೆ ಹೋಗುವ ಜನ, ಫೋಟೋಕ್ಕೆ ನಿಲ್ಲುವ ಜನ ಅಲ್ಲ. ಮದುವೆಯಾಗಿ ತುಂಬ ವರ್ಷದ ಮೇಲೆ ಒಮ್ಮೆ ಹಂಪನಕಟ್ಟೆಗೆ ಕರ್ಕೊಂಡು ಹೋಗಿ ನಾನೇ ತೆಗೆಸಿದ್ದು. ಅದೊಂದೇ ಇದ್ದದ್ದು. ಅವರು ಹೋದ ಮೇಲೆ ಸ್ಟುಡಿಯೋದವ, ಅವರದ್ದು ಮಾತ್ರ ಬೇರೆ ಮಾಡಿ ಕೊಡ್ತೇನೆ ಅಂದ. ನಾನು ಬೇಡ ಅಂದೆ. ಇಷ್ಟು ವರ್ಷ ಒಟ್ಟಿಗೆ ಇದ್ದು, ಈಗ ನಾನೇ ನಿಂತು ನಡುವೆ ಕತ್ತರಿ ಹಾಕಿಸುವುದಾ?”

ಬೂತಾಯಿಯವರು ಬುಟ್ಟಿಗೆ ಸುಮ್ಮನೆ ನೀರು ಚಿಮುಕಿಸಿದರು. ನಾನು ಫೈಲಿನ ದಾರ ಬಿಚ್ಚಿ ಪುನಃ ಕಟ್ಟಿದೆ.

ಆಮೇಲೆ ವಾರಿಜಕ್ಕ ತಮ್ಮ ತೀರ್ಪು ಹೇಳಿದರು. ಸಹಿ ಹಾಕುತ್ತಾರೆ. ಆದರೆ ಮೊದಲು ನಾನು ಒಂದು ಕಾಗದದಲ್ಲಿ ಆದದ್ದನ್ನು ಬರೆಯಬೇಕು, ಎಲ್ಲರಿಗೂ ಕೇಳುವ ಹಾಗೆ ಓದಬೇಕು, ಆ ಕಾಗದ ಫಾರಂನ ಜೊತೆಗೇ ಹೋಗಬೇಕು. ಐಸಿನ ಪೆಟ್ಟಿಗೆಯ ಮೇಲೆ ಕಾಗದ ಇಟ್ಟು ಬರೆದೆ. ಎದ್ದು ನಿಂತು ಓದಿದೆ:

“ವಾರಿಜ ಎಂಬವರು ಜೀವಂತವಾಗಿದ್ದು, ತಮ್ಮ ಇಪ್ಪತ್ತೊಂದನೆಯ ವಯಸ್ಸಿನಿಂದ ಯಾವ ಚುನಾವಣೆಯನ್ನೂ ತಪ್ಪಿಸದೆ ಮತ ಹಾಕಿರುತ್ತಾರೆ. ಯಾರನ್ನೂ ವಿಚಾರಿಸದೆ ಅವರನ್ನು ಮೃತರೆಂದು ಬರೆದದ್ದು ನನ್ನ ತಪ್ಪು. ಅವರು ಹೊಸ ಮತದಾರರಲ್ಲ. ಹಳೆಯ ಮತದಾರರನ್ನು ಹಿಂದೆ ಕರೆಯಲು ಬೇರೆ ಫಾರಂ ಇಲ್ಲದ ಕಾರಣ ಇದನ್ನು ಸಲ್ಲಿಸಲಾಗಿದೆ.”

ಧ್ವಜಾರೋಹಣದಂದು ಭಾಷಣ ಮಾಡಿ ಪಳಗಿದ ಗಂಟಲು ನನ್ನದು; ಕೋಳಿ ಅಂಗಡಿಯವರೆಗೂ ಕೇಳಿಸಿತು. ಯಾರೂ ನಗಲಿಲ್ಲ. ವಾರಿಜಕ್ಕ ಕೈಯನ್ನು ಸೆರಗಿಗೆ ಎರಡೆರಡು ಸಲ ಒರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಫಾರಂನ ಮೂಲೆಗೆ ಮೀನಿನ ಒಂದು ಹುರುಪೆ ಅಂಟಿಕೊಂಡಿತು.

ಅಂದು ಮಧ್ಯಾಹ್ನವೇ ಚುನಾವಣಾ ಕಚೇರಿಗೆ ಹೋದೆ. ಸಹಾಯಕ ನೋಂದಣಿ ಅಧಿಕಾರಿ ನನಗಿಂತ ಇಪ್ಪತ್ತು ವರ್ಷ ಕಿರಿಯರು, ಒಳ್ಳೆಯವರು. “ಇದು ಎಂತ ಹೊಳೆಯುವುದು?” ಎಂದು ಮೂಲೆಯನ್ನು ಮುಟ್ಟಿ ನೋಡಿದರು. ಹೋಲೋಗ್ರಾಂ ಎಂದೆ. ಆಮೇಲೆ ನನ್ನ ಕಾಗದ ಓದಿದರು, ಧ್ವನಿ ತಗ್ಗಿಸಿದರು.

“ಮಾಸ್ಟ್ರೇ, ಇದು ಬೇಕಾ? ಫಾರಂ ಒಂದೇ ಸಾಕು, ಹೆಸರು ಸೇರ್ತದೆ. ಇದನ್ನು ಇಟ್ಟರೆ ನಿಮಗೆ ನೋಟಿಸು ಬರ್ತದೆ. ನಿಮ್ಮದು ಪೆನ್ಶನ್ ಪೇಪರ್ ಹೋಗುವ ಸಮಯ.”

ಒಂದು ಗಳಿಗೆ ಆಸೆಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಕಾಗದವನ್ನು ಮಡಚಿ ಕಿಸೆಗೆ ಹಾಕಿದರೆ ಹನ್ನೊಂದು ವರ್ಷದ ದಾಖಲೆ ಹಾಗೆಯೇ ಉಳಿಯುತ್ತಿತ್ತು. ಆದರೆ ಅದು ಯಾವ ದಾಖಲೆ?

“ಇರಲಿ ಸರ್” ಎಂದೆ. “ಮೀನು ಮಾರ್ಕೆಟಿನಲ್ಲಿ ಓದಿ ಆಗಿದೆ. ಇನ್ನು ಮುಚ್ಚಿಡುವುದಕ್ಕೆ ಎಂತದೂ ಉಳಿದಿಲ್ಲ.”

ಅವರು ಹೇಳಿದಂತೆಯೇ ನೋಟಿಸು ಬಂತು. ವಿವರಣೆ ಕೊಟ್ಟೆ, ಇನ್ನು ಮುಂದೆ ಎಚ್ಚರಿಕೆಯಿಂದಿರತಕ್ಕದ್ದು ಎಂಬ ಒಂದು ಸಾಲಿನ ಆದೇಶ ಬಂತು. ನನ್ನ ಸೇವೆಯಲ್ಲಿ ಬಂದ ಪ್ರಶಂಸಾಪತ್ರಗಳು ಎಲ್ಲಿವೆಯೋ ಗೊತ್ತಿಲ್ಲ. ಆ ಆದೇಶ ಮಾತ್ರ ಜೋಪಾನವಾಗಿ ಉಂಟು.

ಪೂರಕ ಪಟ್ಟಿ ಬಂದಾಗ ಅಜ್ಜಿ ಮೊಮ್ಮಗಳ ಹೆಸರು ಒಂದರ ಕೆಳಗೊಂದು ಇತ್ತು. ಮೇ ಹತ್ತರಂದು ಮತದಾನ. ಬಿ.ಎಲ್.ಒ. ಮತಗಟ್ಟೆಯ ಹೊರಗೆ ಮೇಜು ಹಾಕಿ, ಬಂದವರಿಗೆ ಕ್ರಮಸಂಖ್ಯೆ ಹುಡುಕಿಕೊಡಬೇಕು. ಏಳು ಗಂಟೆಗೆ ಬಾಗಿಲು ತೆರೆಯುವ ಮೊದಲೇ ವಾರಿಜಕ್ಕ ಸಾಲಿನಲ್ಲಿದ್ದರು. ಬುಟ್ಟಿಗೆ ರಜೆ, ಮೈಮೇಲೆ ಮದುವೆಗೆ ಉಡುವ ಸೀರೆ. ಹಿಂದೆ ಶ್ರಾವ್ಯ.

“ಸರ್, ನಾವಿಬ್ಬರೂ ಒಂದೇ ಬ್ಯಾಚ್” ಎಂದಳು ಶ್ರಾವ್ಯ.

“ಬಾಯಿ ಮುಚ್ಚು” ಎಂದರು ಅಜ್ಜಿ. “ಮಾಸ್ಟ್ರು ಬರೆದು ಕೊಟ್ಟಿದ್ದಾರೆ, ನಾನು ಹಳೆಯವಳು ಅಂತ.”

ಒಳಗೆ ಹೋದವರು ಹತ್ತು ನಿಮಿಷದಲ್ಲಿ ಹೊರಗೆ ಬಂದರು. ನನ್ನ ಮೇಜಿನ ಹತ್ತಿರ ನಿಂತು ಎಡಗೈಯ ತೋರುಬೆರಳನ್ನು ನನ್ನ ಕನ್ನಡಕದ ಹತ್ತಿರ ಹಿಡಿದರು. ಉಗುರಿನ ತುದಿಯಿಂದ ಮೊದಲ ಗಿಣ್ಣಿನವರೆಗೆ ಶಾಯಿ ಇನ್ನೂ ಹಸಿಯಾಗಿತ್ತು.

“ಸರಿಯಾಗಿ ನೋಡಿ ಬರೆದುಕೊಳ್ಳಿ” ಎಂದರು. ಆಮೇಲೆ, “ಒಂದು ದಿನ ಚಾಯಕ್ಕೆ ಬನ್ನಿ. ಮೂರು ಗಂಟೆಯ ಮೇಲೆ.”

ಹೋದೆ. ಮೊದಲ ಬಾರಿಗೆ ಆ ಮನೆಯನ್ನು ಬಾಗಿಲಿನ ಮೂಲಕ ನೋಡಿದೆ. ಫೋಟೋ ಅದೇ ಗೋಡೆಯಲ್ಲಿತ್ತು, ಇಬ್ಬರೂ ಒಟ್ಟಿಗೇ ಇದ್ದರು, ಯಾರೂ ಕತ್ತರಿ ಹಾಕಿರಲಿಲ್ಲ. ಆದರೆ ಚೌಕಟ್ಟಿನ ಮೇಲೆ ಸರಿಯಾಗಿ ನಡುವಿಗೆ ಒಂದು ಹೊಸ ಮೊಳೆ ಹೊಡೆದಿದ್ದರು. ಮಾಲೆ ಆ ಮೊಳೆಯಿಂದ ಎಡಗಡೆಗೆ ಮಾತ್ರ ಇಳಿದಿತ್ತು, ಗಂಡನ ಹೆಗಲಿನ ಮೇಲೆ.

“ಇನ್ನು ಯಾರಾದ್ರೂ ಕಿಟಕಿಯಲ್ಲಿ ಇಣುಕಿದ್ರೆ ಅವರಿಗೂ ಗೊತ್ತಾಗ್ಲಿ ಅಂತ” ಎಂದರು ವಾರಿಜಕ್ಕ, ಚಾ ಕೈಗೆ ಕೊಡುತ್ತ.

ಮರುವರ್ಷ ನಾನು ನಿವೃತ್ತನಾದೆ. ಮತದಾರರ ಪಟ್ಟಿ ಎಂದರೆ ಹೆಸರುಗಳ ಕಟ್ಟು ಎಂದು ಬಹುಕಾಲ ತಿಳಿದಿದ್ದೆ. ಅದು ಬಾಗಿಲುಗಳ ಕಟ್ಟು. ತೆರೆಯುವ ಹೊತ್ತಿಗೆ ಹೋಗಿ ತಟ್ಟಬೇಕು. ಉದ್ಯೋಗ ನನಗೆ ಕಲಿಸಿದ್ದು ಇಷ್ಟೇ, ಕಲಿಯಲು ಹನ್ನೊಂದು ವರ್ಷ ಹಿಡಿಯಿತು. ಫೈಲನ್ನು ಹೊಸ ಬಿ.ಎಲ್.ಒ.ಗೆ, ಒಬ್ಬ ಅಂಗನವಾಡಿ ಟೀಚರಿಗೆ, ಒಪ್ಪಿಸುವಾಗ ಜೊತೆಗೆ ಒಂದು ಹಸ್ತಾಂತರ ಟಿಪ್ಪಣಿ ಕೊಡಬೇಕಿತ್ತು. ಹೆಚ್ಚಿನವರು ‘ಎಲ್ಲವೂ ಸರಿಯಾಗಿದೆ’ ಎಂದು ಬರೆಯುತ್ತಾರೆ. ನಾನು ಆ ಓಣಿಯ ಪುಟಕ್ಕೆ ಚೀಟಿ ಅಂಟಿಸಿ, ದುಂಡಗೆ ಬರೆದು, ಸಹಿ ಹಾಕಿದೆ:

‘ಕೊನೆಯ ಮನೆಗೆ ಮಧ್ಯಾಹ್ನ ಮೂರರ ನಂತರ ಹೋಗುವುದು. ಫೋಟೋದಲ್ಲಿ ಬಲಗಡೆ ಇರುವವರು ಮತದಾರರು. ಸ್ಥಳದಲ್ಲಿ ವಿಚಾರಿಸಲಾಗಿದೆ.’