ಸ್ಕಾಲರ್‌ಶಿಪ್ ಕೊಡಿಸಿದ ಮೇಷ್ಟ್ರು

ತುಮಕೂರಿನ ನಮ್ಮ ಕಾಲೇಜಿನ ಪಿ.ಟಿ. ಮೇಷ್ಟ್ರ ಕೊರಳಿನಿಂದ ವಿಷಲ್ ಇಳಿದದ್ದನ್ನು ನಾನು ಕಂಡಿಲ್ಲ. ಮದುವೆ ಊಟಕ್ಕೂ ಅದನ್ನು ಹಾಕಿಕೊಂಡೇ ಬರುತ್ತಿದ್ದರು. ಕಬಡ್ಡಿ ಹುಡುಗರ ಯಾವ ಕಷ್ಟಕ್ಕೂ ಅವರದು ಒಂದೇ ಮಾತು: ‘ಅದ್ ನಂಗ್ ಬುಡು.’

ಬಿ.ಎ. ಮುಗಿಸಿ ನಾನು ನಮ್ಮೂರು ಗುಬ್ಬಿಗೆ ಹೊರಟಿದ್ದೆ. ನಾನು ಹೋದರೆ ಟೀಮಿಗೆ ರೈಡರ್ ಇಲ್ಲ. ಮೇಷ್ಟ್ರು ಕ್ರೀಡಾ ಸ್ಕಾಲರ್‌ಶಿಪ್ ಕೊಡಿಸಿ ನನ್ನನ್ನು ಅದೇ ಕಾಲೇಜಿನ ಎಂ.ಎ.ಗೆ ಸೇರಿಸಿಯೇಬಿಟ್ಟರು.

‘ಯಾವ ಸಬ್ಜೆಕ್ಟು ಸಾರ್?’ ಎಂದೆ.

‘ಇತಿಹಾಸದಲ್ಲಿ ಸೀಟು ಖಾಲಿ ಐತಂತೆ. ನಿಂಗ್ಯಾಕ್ಲಾ ಅದೆಲ್ಲ? ಇನ್ನೆರಡು ವರ್ಷ ಆಡು, ಮಿಕ್ಕಿದ್ ನಂಗ್ ಬುಡು.’

ಪಂದ್ಯವಿದ್ದ ದಿನ ಅವರು ತರಗತಿಯ ಬಾಗಿಲಲ್ಲಿ ನಿಂತು ವಿಷಲ್ ಮುಟ್ಟಿಕೊಳ್ಳುವರು. ಪಾಠ ಮಾಡುತ್ತಿದ್ದವರೇ ಹಾಜರಿ ಹಾಕಿ ನನ್ನನ್ನು ಕಳುಹಿಸುವರು. ಮೇಷ್ಟ್ರ ದುರದೃಷ್ಟಕ್ಕೆ, ಪಂದ್ಯವಿಲ್ಲದ ದಿನಗಳಲ್ಲಿ ಕೇಳಿದ ಪಾಠ ನನಗೆ ರುಚಿಸತೊಡಗಿತು.

ಕೊನೆಯ ವರ್ಷ ಫೈನಲ್ ಪಂದ್ಯ ಕುಣಿಗಲ್ಲಿನಲ್ಲಿ ಬಿತ್ತು. ಅದೇ ದಿನ ನನ್ನ ಪರೀಕ್ಷೆ. ಮೇಷ್ಟ್ರು ಪರೀಕ್ಷಾ ಕೊಠಡಿಯ ಬಾಗಿಲಿಗೂ ಬಂದು ವಿಷಲ್ ಮುಟ್ಟಿಕೊಂಡರು. ನಾನು ತಲೆ ತಗ್ಗಿಸಿ ಬರೆಯುತ್ತಲೇ ಇದ್ದೆ. ಆಮೇಲೆ ಹೊರಗೆ ಟೀಮಿನ ಟೆಂಪೋ ಹೊರಟ ಸದ್ದು ಕೇಳಿಸಿತು. ನಮ್ಮವರು ಸೋತರು.

ನನಗೆ ಮೊದಲ ರ‍್ಯಾಂಕ್ ಬಂತು. ಸನ್ಮಾನದ ದಿನ ಪ್ರಿನ್ಸಿಪಾಲರು ಕ್ರೀಡಾ ಸ್ಕಾಲರ್‌ಶಿಪ್ಪಿನ ಮಹಿಮೆಯನ್ನು ಬಾಯ್ತುಂಬ ಹೊಗಳಿ, ಅದನ್ನು ಕೊಡಿಸಿದ ಪುಣ್ಯಾತ್ಮರು ಎರಡು ಮಾತಾಡಬೇಕೆಂದು ಮೇಷ್ಟ್ರನ್ನು ಕರೆದರು. ಅವರು ಮೈಕಿನ ಮುಂದೆ ನಿಂತು, ಹಾರ ಹಾಕಿಸಿಕೊಂಡು ಕೂತಿದ್ದ ನನ್ನನ್ನು ಬಹಳ ಹೊತ್ತು ನೋಡಿದರು.

‘ಎಂಥಾ ರೈಡರ್ ಇದ್ದ ಕಣ್ರೀ,’ ಎಂದರು. ‘ಓದಿ ಹಾಳಾಗೋದ.’