ಎರಡು ಸಲ ಹಿಡಿದ ವಾಯರು

ಮುಂಡರಗಿಯ ಫಕೀರಸಾಬ ವಾಯರಿಂಗ್ ಕೆಲಸದವನು. ಬರೆಯುವುದು, ಕೂಡಿಸುವುದು ಹೆಂಡತಿ ಮೆಹಬೂಬಿಯ ಪಾಲು. ಅವನೋ ಗೋಡೆ ನೋಡಿ ಬಾಯಲ್ಲೇ ದರ ಹೇಳುವ ಆಸಾಮಿ. ಒಂದು ದೀಪದ ಪಾಯಿಂಟಿಗೆ ಇಷ್ಟು ಅಂದರೆ ಮುಗಿಯಿತು. ವಾಯರು, ಪೈಪು, ಸ್ವಿಚ್ಚು, ಕೂಲಿ ಎಲ್ಲ ಅದರೊಳಗೇ. ಆದರೆ ಕೊರ್ಲಹಳ್ಳಿಯ ಸಮುದಾಯ ಭವನದ ಹಿರಿಯರು ಈ ಸಲ ಹಟ ಹಿಡಿದರು: ಸಾಮಾನಿಗೆಷ್ಟು, ಕೂಲಿಗೆಷ್ಟು, ಬಿಡಿಸಿ ಎಸ್ಟಿಮೇಟು ಕೊಡಿ.

ಬಿಡಿಸುವುದೆಂದರೆ ಮೆಹಬೂಬಿಗೆ ಹಬ್ಬ. ಗದಗಿನ ಅಂಗಡಿಯ ದರ ಮುಂದಿಟ್ಟುಕೊಂಡು ವಾಯರು ಒಂದು ಕಡೆ, ಪೈಪು ಒಂದು ಕಡೆ, ಸ್ವಿಚ್ಚು ಇನ್ನೊಂದು ಕಡೆ ಮಾಡಿ, ಅಕ್ಕಿ ಆರಿಸಿದ ಹಾಗೆ ಹಸನು ಮಾಡಿದಳು. ಕೂಲಿಯ ಸಾಲಿಗೆ ಗಂಡ ಬಚ್ಚಲಿನಿಂದ ಕೂಗಿ ಹೇಳಿದ ದರ ಬರೆದಳು. ಅವನು ಕಾಗದ ಜೇಬಿಗಿಟ್ಟು ಬೈಕು ಹತ್ತಿದ.

ರೊಟ್ಟಿ ಬಡಿಯುವಾಗ ಹೊಳೆಯಿತು. ಅವನು ಕೂಗಿದ್ದು ಸಾಮಾನೂ ಸೇರಿದ ಪಾಯಿಂಟಿನ ದರ! ಅದನ್ನೇ ತಾನು ಬರೀ ಕೂಲಿ ಎಂದು ಬರೆದಿದ್ದಾಳೆ. ಇನ್ನು ಊರವರು ಒಂದೇ ವಾಯರಿಗೆ ಎರಡು ಸಲ ದುಡ್ಡು ಎಣಿಸಬೇಕು. ಗಂಡನಿಗೆ ಫೋನು ಹಚ್ಚಿದರೆ ಅವನ ಫೋನು ಪಕ್ಕದ ಗೂಡಿನಲ್ಲೇ ಬಡಿದುಕೊಂಡಿತು.

"ಯಾ ಅಲ್ಲಾ, ಮರತ ಹೋಗ್ಯಾರಲ್ಲ!"

ಒಲೆ ಆರಿಸಿ ಓಡಿದಳು. ಬಸ್ಸಿನಲ್ಲಿ ಸೀಟಿದ್ದರೂ ಬಾಗಿಲ ಹತ್ತಿರವೇ ನಿಂತಳು. ನಿಂತರೆ ಬಸ್ಸು ಜಲ್ದಿ ಓಡುತ್ತದೆಯೇ, ಹುಚ್ಚಿ! ನಾಲ್ಕು ಜನರ ನಡುವೆ ಗಂಡ ಕಳ್ಳನಾಗಿ ನಿಂತದ್ದೇ ಅವಳ ಕಣ್ಣಿಗೆ ಕಟ್ಟಿತ್ತು. ನಿಯತ್ತಿನವನು ಎಂಬ ಹೆಸರೊಂದನ್ನು ಬಿಟ್ಟರೆ ಅವರಿಗೆ ಬೇರೆ ಬಂಡವಾಳವೇನಿದೆ?

ಭವನದ ಮುಂದೆ ಜಗಳವಿರಲಿಲ್ಲ. ಎಲ್ಲರೂ ಚಹಾ ಕುಡಿಯುತ್ತಿದ್ದರು. ಹಿರಿಯರಾದ ಮೂಕಪ್ಪನವರು ನಕ್ಕರು.

"ಬಾ ತಂಗಿ. ಸಹಿ ಆತು. ಫಕೀರಸಾಬ ಕೊಟ್ಟದ್ದರಾಗ ನೋಡೂದೇನೈತಿ?"

ಸುಮ್ಮನಿದ್ದರಾಯಿತಲ್ಲ ಎಂದು ಅವಳಿಗೆ ಅನಿಸಿತು. ಸುಳ್ಳೇಕೆ, ಖರೆಯೇ ಅನಿಸಿತು. ಹಾಗೆ ಅನಿಸಿದ್ದಕ್ಕೇ ಹೆದರಿ ಗಡಬಡಿಸಿ ಹೇಳಿಬಿಟ್ಟಳು.

"ಅದರಾಗ ತಪ್ಪೈತ್ರಿ. ವಾಯರಿನ ರೊಕ್ಕ ಎರಡ ಸಲ ಹಿಡದೇನಿ. ತಪ್ಪು ನಂದ್ರಿ, ಅವರದಲ್ಲ."

ಮೂಕಪ್ಪನವರು ಚಾಳೀಸು ಮೂಗಿಗೇರಿಸಿ ಆಗ ಕಾಗದ ಓದಿದರು. ಶಾಬಾಸ್ ಅಂದಾರು ಎಂದು ಅವಳ ಮನಸ್ಸು ಕಾಯುತ್ತಿತ್ತು. ಅವರ ನಗು ಮಾತ್ರ ಸಾಲು ಸಾಲಿಗೆ ಇಳಿಯುತ್ತ ಹೋಯಿತು.

"ಹಂಗಾದ್ರ ಹ್ವಾದ ವರ್ಷ ನಮ್ಮ ಮನಿ ಕೆಲಸ ಮಾಡಿದ್ರಲ್ಲ? ಅದರಾಗ?"

ಫಕೀರಸಾಬ ಕಪ್ಪು ಕೆಳಗಿಟ್ಟು ಹೆಂಡತಿಯ ಮುಖ ನೋಡಿದ. ಇಷ್ಟು ವರ್ಷ ಅವನನ್ನು ಯಾರೂ ಕೇಳದ ಮಾತು ಅದು. ತಾನೇ ಬಂದು ಕೇಳಿಸಿದಂತಾಯಿತಲ್ಲ! ಆ ಬಿಲ್ಲು ಸರಿಯಿತ್ತೋ ಇಲ್ಲವೋ, ಆಣೆ ಮಾಡಿ ಹೇಳುವ ಧೈರ್ಯ ಅವಳಿಗೇ ಇರಲಿಲ್ಲ.

"ಆ ಬಿಲ್ಲೂ ನಾನ ಬರದದ್ರಿ," ಅಂದಳು. "ತರಸ್ರಿ. ನಿಮ್ಮ ಮುಂದನ ಬಿಡಿಸಿ ನೋಡೂನು."