ಕೈಗೆ ಕೊಡದ ಚಾಕು

ಶಿವಮೊಗ್ಗದಿಂದ ಭದ್ರಾವತಿಗೆ ಸಾಮಾನು ಸಾಗಿಸುತ್ತಿದ್ದ ಲಗೇಜ್ ಆಟೋ ಡ್ರೈವರೊಬ್ಬರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಟೀ ಬರುವಷ್ಟರಲ್ಲಿ ಜೇಬಿನ ಮಡಚುವ ಚಾಕುವನ್ನು ಟಕ್ಕೆಂದು ಬಿಚ್ಚುವುದು, ಮುಚ್ಚುವುದು, ಮತ್ತೆ ಬಿಚ್ಚುವುದು. ಆನ್‌ಲೈನಿನಲ್ಲಿ ತರಿಸಿದ, ಮಿಲಿಟರಿಯವರದರಂತೆ ಕಾಣುವ ಕಪ್ಪು ಚಾಕು. "ಲಾಕ್ ಗಟ್ಟಿ ಇದೆ, ಕ್ಲಿಪ್ ಸ್ವಲ್ಪ ಲೂಸು. ನಿಂಗೇನನ್ಸುತ್ತೆ?" ಎಂದು ಸಿಕ್ಕಸಿಕ್ಕವರನ್ನು ಕೇಳುವರು. ನೋಡೋಣವೆಂದು ಕೈ ಚಾಚಿದರೆ ಮಾತ್ರ ಮಡಚಿ ಮೇಜಿನ ಮೇಲಿಡುವರು. "ಕೈಗೆ ಕೊಡಬಾರ್ದು ಮಾರಾಯ, ಜಗಳ ಆಗುತ್ತೆ."

ಊರಲ್ಲಿ ಮೆರವಣಿಗೆಯಿದ್ದ ದಿನ ನಾನೂ ಆ ಆಟೋದಲ್ಲಿದ್ದೆ. ಪೊಲೀಸರು ತಡೆದು ಇವರ ಜೇಬು ತಡವಿದರು.

"ಏನದು? ಕೊಡಿಲ್ಲಿ" ಎಂದು ಪೇದೆ ಕೈ ನೀಡಿದ.

ಇವರು ಬೆವರುತ್ತ ಚಾಕುವನ್ನು ಜೀಪಿನ ಬಾನೆಟ್ ಮೇಲಿಟ್ಟರು.

"ಕೈಗೆ ಕೊಡು ಅಂದ್ರೆ ಅಲ್ಲಿಡ್ತೀಯಾ?"



"ಕೈಗೆ ಕೊಟ್ರೆ ಜಗಳ ಆಗುತ್ತೆ ಸರ್. ಹಗ್ಗ ಕುಯ್ಯೋಕೆ ಇಟ್ಕೊಂಡಿರೋದು."

ಪೇದೆ ಅದನ್ನೆತ್ತಿಕೊಂಡು ಬಿಚ್ಚಿದ, ಅಲಗನ್ನು ನೋಡಿದ, ಮಡಚಿದ. ಅಷ್ಟು ಹೊತ್ತೂ ಇವರ ಹೆಬ್ಬೆರಳು ಬರಿಗೈಯಲ್ಲೇ ಟಕಟಕ ಆಡುತ್ತಿತ್ತು.

"ಮನೇಲಿಟ್ಟು ಓಡಾಡು. ಇವತ್ತು ಊರು ಸರಿ ಇಲ್ಲ."

ಗಾಬರಿಯಲ್ಲಿ ಎಲ್ಲ ಮರೆತು ಇವರೇ ಕೈ ಚಾಚಿಬಿಟ್ಟರು.

ಪೇದೆ ಆ ಕೈಯನ್ನೊಮ್ಮೆ ನೋಡಿ, ಚಾಕುವನ್ನು ಮತ್ತೆ ಬಾನೆಟ್ ಮೇಲೆಯೇ ಇಟ್ಟ.